ಕಿಟಕಿಯಿಲ್ಲದ ಟವರು

ವಯಸ್ಸಾಗುತ್ತಾ ಬಂದಂತೆ ನನಗೆ ಸುಳ್ಳು ಹೇಳುವ ಧೈರ್ಯ ಕಡಿಮೆಯಾಗಿದೆ. ಸುಮ್ಮನಿದ್ದು ಸುಳ್ಳನ್ನು ಬೆಳೆಯಲು ಬಿಡುವ ಚಾಕಚಕ್ಯತೆ ಮಾತ್ರ ಹೆಚ್ಚಿದೆ. ಗರುಡಾಚಾರ್‌ಪಾಳ್ಯದ ನಮ್ಮತ್ತೆ ಮುನಿಯಮ್ಮನವರ ವಿಷಯದಲ್ಲಿ ಆದದ್ದೂ ಅದೇ. ರಾಗಿ ಬೆಳೆಯುತ್ತಿದ್ದ ಹೊಲದಲ್ಲಿ ಈಗ ಬಾಡಿಗೆ ಮನೆಗಳನ್ನು ಕಟ್ಟಿಸಿರುವ ಅವರು, ಬೀದಿಯವರಿಗೆಲ್ಲ "ನಮ್ಮ ಅಳಿಯಂದ್ರು ಟವರ್ ಮ್ಯಾಲೆ ಕುಂತು ಇಮಾನ ಇಳಿಸ್ತಾರೆ" ಎಂದು ಹೇಳಿಕೊಂಡು ಬಂದವರು.

ಹಿಂದೆ ಅದು ನಿಜವೂ ಆಗಿತ್ತು. ಕಲ್ಯಾಣ ಕರ್ನಾಟಕದ ಒಂದು ಸಣ್ಣ ವಿಮಾನ ನಿಲ್ದಾಣದ ಟವರಿನಲ್ಲಿ ಕೂತು ವಿಮಾನಗಳಿಗೆ ಇಳಿಯಲು, ಏರಲು ಅನುಮತಿ ಕೊಡುವುದು ನನ್ನ ಕೆಲಸ. ಆಮೇಲೆ ಊರೂರಿಗೆ ನಿಲ್ದಾಣ ಬಂತು, ಟವರಿನಲ್ಲಿ ಕೂರಲು ಜನ ಸಾಲಲಿಲ್ಲ. ಟವರಿನ ಮೇಲೆ ಕ್ಯಾಮೆರಾ ಕೂರಿಸಿ, ನನ್ನನ್ನು ದೊಡ್ಡನೆಕ್ಕುಂದಿಯ ಕಟ್ಟಡವೊಂದರ ನೆಲಮಹಡಿಗೆ ಇಳಿಸಿದರು. ಕಿಟಕಿಯಿಲ್ಲದ ಕೋಣೆ, ಗೋಡೆ ತುಂಬ ಪರದೆ. ನೂರಾರು ಮೈಲಿ ಆಚೆಯ ರನ್‌ವೇಯನ್ನು ಅಲ್ಲಿಂದಲೇ ನೋಡಬೇಕು. ನಾನು ವಿಮಾನಕ್ಕೆ ಹಾದಿ ಹೇಳುವಾಗ ತಲೆಯ ಮೇಲಿನ ಕ್ಯಾಂಟೀನಿನಲ್ಲಿ ಯಾರೋ ಕುರ್ಚಿ ಎಳೆಯುತ್ತಾರೆ. ಇದನ್ನು ಅತ್ತೆಗೆ ಹೇಗೆ ಹೇಳುವುದು? "ಬೆಂಗಳೂರಿಗೆ ವರ್ಗ ಆಯ್ತು" ಎಂದಷ್ಟೇ ಹೇಳಿದೆ.

ಅಷ್ಟರಲ್ಲಿ ಅತ್ತೆಯ ಬಾಡಿಗೆಮನೆಯ ಶರಣಮ್ಮ ಮಗಳ ಮದುವೆಗೆ ಕರೆದರು. ಮದುವೆ ನಾನು ಹಿಂದಿದ್ದ ಆ ಊರಲ್ಲೇ. "ನೀವು ಬರ್ಲಿಲ್ಲಂದ್ರ ತಾಳಿ ಕಟ್ಟಸಂಗಿಲ್ಲ ನೋಡ್ರಿ" ಎಂದರಂತೆ. ಅತ್ತೆ ನನ್ನ ಹೆಂಡತಿಯ ಜೊತೆ ಮೊದಲ ಸಲ ವಿಮಾನ ಹತ್ತಿದರು. ನನ್ನ ಕುರ್ಚಿಯಲ್ಲಿ ಕೂರಲು ಬೇರೆಯವರಿಲ್ಲದೆ ನನಗೆ ರಜೆ ಸಿಗಲಿಲ್ಲ.

ಆ ಬೆಳಿಗ್ಗೆ ಅಲ್ಲಿ ಮೋಡ ತೀರಾ ಕೆಳಗಿಳಿದಿತ್ತು. ರನ್‌ವೇ ಕಾಣದೆ ಪೈಲಟ್ ಮತ್ತೆ ಮೇಲೇರಿದರು. ನಮಗಿದು ಮಾಮೂಲು, ಆದರೆ ನನ್ನ ಮನೆಯವರೇ ಒಳಗಿದ್ದಾಗ ಯಾವುದೂ ಮಾಮೂಲಲ್ಲ. ಧ್ವನಿಯನ್ನೇನೋ ಎಂದಿನಂತೆ ಇಟ್ಟುಕೊಂಡೆ. ಮೇಜಿನ ಕೆಳಗೆ ಬೆರಳು ಮಡಚಿ ದೇವರ ಹೆಸರು ಎಣಿಸುವುದು ರೇಡಿಯೋದಲ್ಲಿ ಕೇಳಿಸುವುದಿಲ್ಲವಲ್ಲ! ಎರಡನೆಯ ಸಲ ಮೋಡ ಸೀಳಿಕೊಂಡು ವಿಮಾನದ ದೀಪಗಳು ಬಂದವು. ಚಕ್ರ ನೆಲ ಮುಟ್ಟಿತು. ನಾನು ಉಸಿರು ಬಿಟ್ಟೆ.

ಮೆಟ್ಟಿಲಿಳಿದ ಅತ್ತೆ ಸೆರಗು ಸರಿಮಾಡಿಕೊಂಡು, ಖಾಲಿ ಟವರಿನತ್ತ ತಿರುಗಿ, ಎರಡೂ ಕೈಯೆತ್ತಿ ಬೀಸಿದರು. ಪಾಪ, ಅಲ್ಲಿ ಯಾರಿದ್ದಾರೆ? ನನಗೆ ತಡೆಯಲಾಗಲಿಲ್ಲ. ಎದ್ದು ನಿಂತು ಪರದೆಗೆ ಕೈ ಬೀಸಿದೆ.

"ಗುರು, ಅವ್ರಿಗೆ ನೀನು ಕಾಣ್ಸಲ್ಲ" ಎಂದ ಪಕ್ಕದ ಸಹೋದ್ಯೋಗಿ.

ಮಧ್ಯಾಹ್ನ ಫೋನು ಮಾಡಿ, ನಿಜ ಹೇಳಿಬಿಡೋಣವೆಂದು "ಅತ್ತೇ, ನಾನು ಆ ಟವರಲ್ಲಿ ಇರ್ಲಿಲ್ಲ..." ಎಂದು ಶುರುಮಾಡಿದೆ.

"ಗೊತ್ತು ಬಿಡಿ ಅಳಿಯಂದ್ರೆ. ನೀವು ದೊಡ್ಡನೆಕ್ಕುಂದೀಲಿ ಕುಂತಿರೋದು ವರ್ಗ ಆದಾಗ್ಲೇ ಮಗಳು ಹೇಳಿದ್ಲು. ಮ್ಯಾಲೆ ಕ್ಯಾಮೆರಾ ಐತಂತಲ್ಲ, ಅದಕ್ಕೇ ಕೈ ಬೀಸ್ದೆ. ಮೋಡದಾಗೆ ಎಲ್ರೂ ದೇವ್ರನ್ನ ನೆನೀತಿದ್ರು. ನಾನು, ನಮ್ಮ ಅಳಿಯಂದ್ರು ನೋಡ್ತಾವ್ರೆ ಅಂತ ಸುಮ್ಮನೆ ಕುಂತಿದ್ದೆ."

"ಮತ್ತೆ ಬೀದೀಲಿ ಈಗ್ಲೂ ಟವರ್ ಮೇಲೆ ಅಂತೀರಲ್ಲ?"

"ಅದು... ನಿಮಗೆ ಬೇಜಾರಾಗಬಾರ್ದಲ್ಲ ಅಂತ."

ನಾನು "ಊಟ ಆಯ್ತಾ?" ಎಂದು ಕೇಳಿದೆ, ಮದುವೆಮನೆಯ ಪಂಕ್ತಿಯಲ್ಲಿ ಕೂತಿದ್ದವರನ್ನು!