ಕೆನೆ ಮೊದಲೋ ಜಾಮ್ ಮೊದಲೋ

ರಜೆಗೆಂದು ಹಳ್ಳಿ ಕಡೆ ಹೋದವರು ದಣಿವಾರಿಸಿಕೊಂಡು ಬರುತ್ತಾರಂತೆ. ನಾನು ಮಾತ್ರ ಪ್ರತಿ ಸಲವೂ ಒಂದಲ್ಲ ಒಂದು ಫಜೀತಿ ಕಟ್ಟಿಕೊಂಡೇ ವಾಪಸು ಬಂದಿದ್ದೇನೆ. ತಪ್ಪು ನನ್ನದಲ್ಲ, ಜೊತೆಗೆ ಬರುವವರದು. ಅವರಲ್ಲಿ ಒಬ್ಬರನ್ನು ನಾನೇ ಮೆಚ್ಚಿ ಮದುವೆಯಾದೆ, ಇನ್ನೊಬ್ಬಳನ್ನು ನಾನೇ ಹೆತ್ತೆ. ಯಾರ ಹತ್ತಿರ ಹೋಗಿ ದೂರಲಿ?

ಸದ್ದಿಲ್ಲದ ಜಾಗ

ತೊಂಬತ್ತರ ದಶಕದಲ್ಲಿ ನಾವಿದ್ದದ್ದು ಕಡಲಾಚೆಯ ಮಾಲ್ಟನ್ನಿನಲ್ಲಿ, ಏರ್‌ಪೋರ್ಟಿನ ಮಗ್ಗುಲಲ್ಲೇ. ವಿಮಾನ ಇಳಿಯುವಾಗ ಮಾತು ನಿಲ್ಲಿಸಿ, ಅದು ಹೋದಮೇಲೆ ಮುಂದುವರಿಸುವುದು ನಮಗೆ ಎಷ್ಟು ರೂಢಿಯಾಗಿತ್ತೆಂದರೆ ಜಗಳವನ್ನೂ ಹಾಗೇ ಕಂತಿನಲ್ಲಿ ಆಡುತ್ತಿದ್ದೆವು. ನಾನು ಮೈಸೂರಿನವಳು. ನಮ್ಮೆಜಮಾನರು ಉಡುಪಿ ಕಡೆಯವರು, ಒಶಾವಾದ ಒಂದು ಕಾರ್ಖಾನೆಯಲ್ಲಿ ಇಂಜಿನಿಯರು. ಒಂದು ಬೇಸಿಗೆಯಲ್ಲಿ ಅವರಿಗೆ ಸಾಕುಸಾಕಾಯಿತು.

"ನಾಲ್ಕು ದಿನ ಸದ್ದಿಲ್ಲದ ಕಡೆ ಹೋಗುವಾ ಮಾರಾಯ್ತಿ, ತಲೆ ಚಿಟ್ಟು ಹಿಡ್ದುಹೋಗಿದೆ" ಅಂದರು.

ಸ್ಟೌಫ್‌ವಿಲ್ ದಾಟಿ ಇನ್ನೂ ಆಚೆಗೆ, ಜೋಳದ ಹೊಲಗಳ ನಡುವೆ ಒಂದು ತೋಟದ ಮನೆ ಸಿಕ್ಕಿತು. ಇಂಗ್ಲೆಂಡಿನಿಂದ ಬಂದು ನೆಲೆಸಿದ ಅಜ್ಜ ಅಜ್ಜಿ, ನಾಲ್ಕೈದು ಹಸು, ಬಾಡಿಗೆಗೆ ಕೊಡುವ ಎರಡು ರೂಮು. ಮೊದಲ ದಿನ ಊಟ ಮುಗಿಸಿ ನಮ್ಮವರು ಸಂಭ್ರಮದಿಂದ ಮಲಗಿದರು. ಹೊರಳಿದರು, ಮಗ್ಗುಲು ಬದಲಿಸಿದರು, ಎದ್ದು ಕೂತರು. ನಿದ್ದೆಯೇ ಇಲ್ಲ. ಕೆಳಗೆ ಹೋಗಿ ಅಜ್ಜನ ಹತ್ತಿರ, "ತಪ್ಪು ತಿಳಿಯಬೇಡಿ, ಇಲ್ಲಿ ಸದ್ದು ಸಾಲದು" ಅಂದರಂತೆ.

ಅಜ್ಜ ಎದ್ದು ಹೊರಗೆ ಹೋದರು. ಟ್ರ್ಯಾಕ್ಟರನ್ನು ನಮ್ಮ ಕಿಟಕಿಯ ಕೆಳಗೆ ತಂದು ನಿಲ್ಲಿಸಿ ಇಂಜಿನ್ ಚಾಲೂ ಮಾಡಿದರು. ಎರಡೇ ನಿಮಿಷಕ್ಕೆ ನಮ್ಮವರ ಗೊರಕೆ ಶುರುವಾಯಿತು. ಆಮೇಲೆ ಎಚ್ಚರವಾಗಿಯೇ ಕೂತಿದ್ದವಳು ನಾನೊಬ್ಬಳೇ.

ಕಲಸಿದ ಪಾಪ

ಆ ಮನೆಯ ಹೆಸರುವಾಸಿ ಐಟಮ್ಮು ಸಂಜೆಯ ಟೀ. ಬನ್ನಿಗೂ ಬಿಸ್ಕತ್ತಿಗೂ ನಡುವಿನ ಸ್ಕೋನ್ ಎಂಬ ತಿಂಡಿ, ಗಟ್ಟಿ ಕೆನೆ, ಸ್ಟ್ರಾಬೆರಿ ಜಾಮ್. ನಾವು ಮೊಟ್ಟೆ ತಿನ್ನುವುದಿಲ್ಲವೆಂದು ನಮಗೆ ಮಾತ್ರ ಬೇರೆ ಹಿಟ್ಟು ಕಲಸುತ್ತಿದ್ದರು ಆ ಪುಣ್ಯಾತ್ಗಿತ್ತಿ. ಆದರೆ ವರಾಂಡದಲ್ಲಿ ಎರಡು ಮೇಜು ಯಾಕೆ ಎಂಬುದು ನನಗೆ ಗೊತ್ತಾಗಲಿಲ್ಲ.

ಅಜ್ಜಿ ವಿವರಿಸಿದರು. ಅವರು ಕಾರ್ನ್‌ವಾಲಿನವರು, ಅಜ್ಜ ಡೆವನ್ನಿನವರು. ಇಂಗ್ಲೆಂಡಿನಲ್ಲಿ ಅವು ಅಕ್ಕಪಕ್ಕದ ಜಿಲ್ಲೆಗಳು. ಅಜ್ಜಿಯ ಕಡೆ ಮೊದಲು ಜಾಮ್ ಹಚ್ಚಿ ಮೇಲೆ ಕೆನೆ ಇಡಬೇಕು. ಅಜ್ಜನ ಕಡೆ ಮೊದಲು ಕೆನೆ, ಮೇಲೆ ಜಾಮ್. ಮದುವೆಯಾಗಿ ನಲವತ್ತು ವರ್ಷವಾದರೂ ಇಬ್ಬರೂ ಒಂದಿಂಚು ಸರಿದಿಲ್ಲ. ಅದಕ್ಕೇ ಒಬ್ಬೊಬ್ಬರಿಗೆ ಒಂದೊಂದು ಮೇಜು. ಅಡುಗೆಮನೆಯ ಬಾಗಿಲಿಗೆ ಒಂದು ಸ್ಲೇಟು ತೂಗುಹಾಕಿದ್ದರು. ಟೀ ಕುಡಿದ ಅತಿಥಿಗಳು ತಮಗೆ ಮೆಚ್ಚುಗೆಯಾದ ಕಡೆ ಬಳಪದಲ್ಲಿ ಒಂದು ಗೀಟು ಎಳೆಯಬೇಕು. ಬೇಸಿಗೆ ಮುಗಿದಾಗ ಯಾರ ಗೀಟು ಕಡಿಮೆಯೋ ಅವರು ಚಳಿಗಾಲ ಪೂರ್ತಿ ಪಾತ್ರೆ ತೊಳೆಯಬೇಕು.

"ಎರಡು ಚಳಿಗಾಲದಿಂದ ನಾನೇ ತೊಳೀತಿದ್ದೀನಿ," ಎಂದು ಅಜ್ಜಿ ಕೈ ತೋರಿಸಿದರು. ಪಾಪ, ಬೆರಳ ಗೆಣ್ಣುಗಳು ಕೆಂಪಾಗಿ ಊದಿದ್ದವು. ನಾನು ಮನಸ್ಸಿನಲ್ಲೇ ಅವರ ಪಾರ್ಟಿ ಸೇರಿಬಿಟ್ಟೆ.

ಅಷ್ಟರಲ್ಲಿ ನಮ್ಮವರು ತಟ್ಟೆಗೆ ಅಷ್ಟೂ ಕೆನೆ, ಅಷ್ಟೂ ಜಾಮ್ ಹಾಕಿಕೊಂಡು, ಸ್ಕೋನನ್ನು ಪುಡಿಮಾಡಿ, ಐದೂ ಬೆರಳು ಇಳಿಸಿ ಮೊಸರನ್ನ ಕಲಸಿದ ಹಾಗೆ ಕಲಸಿಬಿಟ್ಟರು. ತುತ್ತು ಮಾಡಿ ಬಾಯಿಗೆ ಹಾಕಿಕೊಂಡು, "ಲಾಯ್ಕುಂಟು" ಅಂದರು.

ಅಜ್ಜ ಮೆಲ್ಲಗೆ ಅಜ್ಜಿಯ ಕಡೆ ನೋಡಿ, "ಇವರ ಗೀಟು ಲೆಕ್ಕಕ್ಕಿಲ್ಲ" ಅಂದರು. ಅಜ್ಜಿ, "ಖಂಡಿತಾ ಇಲ್ಲ" ಅಂದರು. ನಲವತ್ತು ವರ್ಷದಲ್ಲಿ ಅವರಿಬ್ಬರೂ ಒಪ್ಪಿದ ಮೊದಲ ಮಾತು ಅದಂತೆ.

ಅಮ್ಮನ ಕೆನೆ, ಇಂಗ್ಲಿಷ್ ಕೆನೆ

ಈ ದೇಶದಲ್ಲಿ ಹಾಲು ಪ್ಲಾಸ್ಟಿಕ್ ಚೀಲದಲ್ಲಿ ಬರುತ್ತದೆ. ಎಷ್ಟು ಕಾಯಿಸಿದರೂ ಮೇಲೆ ಹೆಸರಿಗೊಂದು ಪೊರೆ. ಆ ಪೊರೆ ಕಂಡರೂ ನನ್ನ ಮಗಳು, "ಈಯೂ ಮಮ್ಮಿ, ಸ್ಕಿನ್!" ಎಂದು ಮೂಗು ಮುಚ್ಚಿಕೊಂಡು ಓಡುತ್ತಿದ್ದಳು. ಅವಳಿಗಾಗಿ ಹಾಲು ಸೋಸಿ ಸೋಸಿ ನನ್ನ ಜರಡಿ ಎರಡು ಸಲ ಹರಿದಿದೆ.

ಅಜ್ಜಿ ಕೆನೆ ಮಾಡುವುದನ್ನು ನೋಡೋಣವೆಂದು ಒಂದು ದಿನ ಅಡುಗೆಮನೆಗೆ ಹೋದೆ. ಅಗಲವಾದ ಪಾತ್ರೆಯಲ್ಲಿ ಹಾಲು, ಕೆಳಗೆ ಸಣ್ಣ ಉರಿ. ಹಾಲು ಆರಿದ ಮೇಲೆ ಹಳದಿ ಬಣ್ಣದ ದಪ್ಪ ಪದರವನ್ನು ಚಮಚದಲ್ಲಿ ಮೆಲ್ಲಗೆ ಎತ್ತಿ ಬಟ್ಟಲಿಗೆ ಹಾಕಿದರು. ನಮ್ಮಮ್ಮ ದಿನಾ ಬೆಳಿಗ್ಗೆ ಮಾಡುತ್ತಿದ್ದದ್ದು ಇದನ್ನೇ. ಅಜ್ಜಿ ಪಾತ್ರೆಯ ಅಂಚಿಗೆ ಹತ್ತಿದ್ದ ಕೆನೆಯನ್ನು ಕೆರೆದು ನನ್ನ ಅಂಗೈಗೆ ಹಾಕಿದರು. ಅಮ್ಮನೂ ಹಾಗೇ ಹಾಕುತ್ತಿದ್ದಳು.

ಹೊರಗೆ ಬಂದರೆ ಮಗಳು ಕೆನೆ ಮೆತ್ತಿದ ಮೂರನೇ ಸ್ಕೋನಿನಲ್ಲಿದ್ದಳು. ಮೂಗಿನ ತುದಿಯಲ್ಲೂ ಕೆನೆ.

"ಅದೇನು ಅಂತ ಗೊತ್ತೇನೇ? ಹಾಲಿನ ಕೆನೆ. ನೀನು ಸ್ಕಿನ್ ಅಂತೀಯಲ್ಲ, ಅದೇ!" ಅಂದೆ.

ಅವಳು ಒಂದು ಗಳಿಗೆ ನಿಲ್ಲಿಸಿ, ಸ್ಕೋನನ್ನು ತಿರುಗಿಸಿ ನೋಡಿದಳು. "ನೋ ಮಮ್ಮಿ, ಯುವರ್ಸ್ ಈಸ್ ಸ್ಕಿನ್. ದಿಸ್ ಈಸ್ ಕ್ರೀಮ್," ಎಂದು ನಾಲ್ಕನೆಯದಕ್ಕೆ ಕೈ ಹಾಕಿದಳು.

ನೀವೂ ಒಂದು ಸ್ಲೇಟು ತಗೊಳ್ಳಿ

ನಿಮ್ಮ ದೇಶದಲ್ಲೂ ಇಂಥ ಜಗಳ ಇದೆಯೇ ಎಂದು ಅಜ್ಜಿ ಕೇಳಿದರು. ಛೇ, ಎಲ್ಲಿಯಾದರೂ ಉಂಟೇ ಎಂದು ನಾನು ಗಂಭೀರವಾಗಿ ಹೇಳುತ್ತಿದ್ದಾಗಲೇ ನಮ್ಮವರು, "ಈ ಮೈಸೂರಿನವರಿಗೆ ಸಾರಿಗೆ ಬೆಲ್ಲ ಹಾಕುವ ಕ್ರಮ ಕೂಡ ಸರಿಯಾಗಿ ಗೊತ್ತಿಲ್ಲ" ಅಂದರು. ನನಗೆ ರೇಗಿತು. "ರೀ, ನಿಮ್ಮೂರಲ್ಲಿ ಮಾಡೋದು ಸಾರಲ್ಲ, ಪಾಯಸ" ಅಂದೆ. ಅಲ್ಲಿಂದ ತೆಂಗಿನೆಣ್ಣೆ ಒಗ್ಗರಣೆ, ಕುಚ್ಚಲಕ್ಕಿ ಅನ್ನ, ನಮ್ಮಪ್ಪ ಮದುವೆಯಲ್ಲಿ ಬಡಿಸಿದ ಕೋಸಂಬರಿ ಎಲ್ಲವೂ ಹೊರಗೆ ಬಂದವು. ಮೇಲೆ ವಿಮಾನವೂ ಇರಲಿಲ್ಲ, ಹಾಗಾಗಿ ನಡುವೆ ಬಿಡುವೂ ಇರಲಿಲ್ಲ.

ಭಾಷೆ ಅರ್ಥವಾಗದಿದ್ದರೂ ಅಜ್ಜಿ ಕಣ್ಣರಳಿಸಿ ಕೇಳಿದರು. ಕೊನೆಗೆ, "ಎಷ್ಟು ವರ್ಷದಿಂದ ಇದು?" ಅಂದರು.

"ಒಂಬತ್ತು ವರ್ಷ."

"ನೀವೂ ಒಂದು ಸ್ಲೇಟು ತಗೊಳ್ಳಿ," ಎಂದು ಅಜ್ಜಿ ಎದ್ದು ಪಾತ್ರೆ ತೊಳೆಯಲು ಹೋದರು.

ಅತ್ತೆಯ ಉಪಕಾರ

ಮರುವರ್ಷ ನಮ್ಮತ್ತೆ ಉಡುಪಿಯಿಂದ ಬಂದರು. ಬೇಸಿಗೆಯ ಕೊನೆಯ ವಾರ ಅವರನ್ನೂ ತೋಟದ ಮನೆಗೆ ಕರೆದುಕೊಂಡು ಹೋದೆವು. ಹೋಗುತ್ತಲೇ ಅಜ್ಜಿ ನನ್ನನ್ನು ಮೂಲೆಗೆ ಕರೆದರು. ಸ್ಲೇಟಿನಲ್ಲಿ ಎರಡೂ ಕಡೆ ಸರಿಸಮ. ಭಾನುವಾರ ಕೊನೆಯ ಟೀ. ಆದರೆ ಅಜ್ಜ ಉಪಾಯ ಮಾಡಿ, ತಮ್ಮ ಡೆವನ್ ಕಡೆಯ ಆರು ಜನ ಹಳೇ ದೋಸ್ತರನ್ನು ಅವತ್ತೇ ಕರೆದಿದ್ದರು. ಆರು ಗೀಟು ಅಂದರೆ ಮುಗಿಯಿತು. "ನಾಲ್ಕನೇ ಚಳಿಗಾಲವೂ ನನಗೆ ಅದೇ ಸಿಂಕು," ಎಂದು ಅಜ್ಜಿ ಮತ್ತೆ ಕೈ ತೋರಿಸಿದರು. ನನಗೆ ನಿಜಕ್ಕೂ ಸಂಕಟವಾಯಿತು.

ಭಾನುವಾರ ಬೆಳಿಗ್ಗೆ ಕೆಳಗಿಳಿದು ಬಂದೆ. ಮನೆಯೆಲ್ಲಾ ಘಮಘಮ. ಎಲ್ಲೋ ಮೂಗಿಗೆ ಪರಿಚಯದ ವಾಸನೆ. ಒಲೆಯ ಮುಂದೆ ಅತ್ತೆ, ಸೆರಗು ಸೊಂಟಕ್ಕೆ ಸಿಕ್ಕಿಸಿ ನಿಂತಿದ್ದಾರೆ. ಪಕ್ಕದಲ್ಲಿ ದೊಡ್ಡ ಬಟ್ಟಲು, ಖಾಲಿ.

"ಅತ್ತೆ, ಅದರಲ್ಲಿದ್ದ ಕೆನೆ?"

"ಎಂತ ಜನವಾ ಇವ್ರು! ನಾಲ್ಕು ದಿವ್ಸದಿಂದ ಕೂಡಿಸಿಟ್ಟಿದ್ದಾರೆ, ಕಡೀಲಿಕ್ಕೆ ಪುರುಸೊತ್ತಿಲ್ಲ. ಪಾಪ, ವಯಸ್ಸಾಯ್ತಲ್ವಾ? ಹುಳಿಯಾಗ್ತದೆ ಅಂತ ನಾನೇ ಕಡ್ದು ಬೆಣ್ಣೆ ತೆಗ್ದು ಕಾಯಿಸಿಬಿಟ್ಟೆ. ನೋಡು, ಎಂಥಾ ತುಪ್ಪ!"

ಮಾಲ್ಟನ್ ಅಂಗಡಿಯಲ್ಲಿ ಕೊಂಡ ತಮ್ಮ ಎಲೆಯಡಿಕೆಯ ವೀಳ್ಯದೆಲೆಯೊಂದನ್ನೂ ಅದಕ್ಕೆ ಹಾಕಿದ್ದರು. ಕೆನೆ ಕೂಡಿಡುವುದು ತುಪ್ಪಕ್ಕಲ್ಲದೆ ಇನ್ಯಾತಕ್ಕೆ? ನಮ್ಮೂರ ಕಡೆಯವರು ಯಾರಾದರೂ ಹಾಗೇ ತಿಳಿಯುತ್ತಿದ್ದರು. ನಾನು ಮಾತ್ರ ಆ ಖಾಲಿ ಬಟ್ಟಲನ್ನೆತ್ತಿ ಅದರ ತಳ ನೋಡಿದೆ.

ಹಿಂದೆ ಅಜ್ಜ ಬಂದು ನಿಂತಿದ್ದರು. ಬಟ್ಟಲು ನೋಡಿದರು, ತುಪ್ಪದ ಜಾಡಿ ನೋಡಿದರು, ಕುರ್ಚಿ ಎಳೆದುಕೊಂಡು ಕೂತರು. ಅಜ್ಜಿಯೂ ಬಂದರು. ನಾನು ತಡವರಿಸುತ್ತಾ ನಡೆದದ್ದನ್ನು ಹೇಳಿದೆ. ಅಜ್ಜಿಯ ತುಟಿ ಅಲುಗಿತು. ಅಳುತ್ತಾರೆಂದು ಹೆದರಿದೆ. ಅವರು ನಗುತ್ತಿದ್ದರು.

"ಕೆನೆಯೇ ಇಲ್ಲ ಅಂದಮೇಲೆ ಯಾವುದು ಮೊದಲು ಅನ್ನೋ ಪ್ರಶ್ನೆ ಎಲ್ಲಿ ಬಂತು? ಇವತ್ತು ಗೀಟಿಲ್ಲ. ಸರಿಸಮ! ಈ ಚಳಿಗಾಲ ಪಾತ್ರೆ ಅರ್ಧ ನಿಮ್ಮದು!" ಎಂದು ಅಜ್ಜನಿಗೆ ಹೇಳಿ ಅತ್ತೆಯನ್ನು ಗಟ್ಟಿಯಾಗಿ ಅಪ್ಪಿಕೊಂಡರು. ಅತ್ತೆ ನನ್ನ ಕಡೆ ತಿರುಗಿ, "ಒಂದು ಜಾಡಿ ತುಪ್ಪಕ್ಕೆ ಇಷ್ಟೆಲ್ಲ ಎಂತಕ್ಕೆ?" ಅಂದರು.

ಆದರೂ ಸಂಜೆ ಬರುವವರಿಗೆ ಏನಾದರೂ ಕೊಡಬೇಕಲ್ಲ. ನಾನು ಮುಂದೆ ಬಂದೆ. "ಬಿಸಿ ಸ್ಕೋನ್ ಮೇಲೆ ತುಪ್ಪ ಸಕ್ಕರೆ ಹಾಕಿಕೊಡೋಣ. ನಮ್ಮ ಮೈಸೂರಲ್ಲಿ ಚಪಾತಿಗೆ ಹಾಗೇ."

ಅತ್ತೆ ಹುಬ್ಬು ಗಂಟಿಕ್ಕಿದರು. "ಸಕ್ಕರೆಯಾ? ತುಪ್ಪಕ್ಕೆ ಯಾರಾದ್ರೂ ಸಕ್ಕರೆ ಹಾಕ್ತಾರಾ? ಬೆಲ್ಲ ಹಾಕ್ಬೇಕು." ಊರಿಂದ ತಂದ ಬೆಲ್ಲದ ಅಚ್ಚು ಅವರ ಚೀಲದಿಂದ ಹೊರಗೇ ಬಂತು.

ಅಜ್ಜನ ಮುಖದಲ್ಲಿ ಅವತ್ತು ಮೊದಲ ಸಲ ಕಳೆ ಬಂತು. ಎದ್ದುಹೋಗಿ ಸ್ಲೇಟು ಒರೆಸಿ, ಒಂದು ಕಡೆ ಮೈಸೂರು, ಇನ್ನೊಂದು ಕಡೆ ಉಡುಪಿ ಎಂದು ನನ್ನನ್ನು ಕೇಳಿ ಕೇಳಿ ಇಂಗ್ಲಿಷಿನಲ್ಲಿ ಬರೆದರು. ಸೋತವರು ಇವತ್ತಿನ ಪಾತ್ರೆಯಷ್ಟನ್ನೂ ತೊಳೆಯಬೇಕೆಂದು ಅಪ್ಪಣೆಯಾಯಿತು.

ಅಜ್ಜನ ಆರು ಜನ ದೋಸ್ತರು ಬಂದರು, ಬೇರೆ ಅತಿಥಿಗಳೂ ಬಂದರು. ಎರಡೂ ತಟ್ಟೆಯದನ್ನು ತಿಂದು ಬೆರಳು ನೆಕ್ಕಿಕೊಂಡು ಗೀಟೆಳೆದರು. ಅಜ್ಜಿ ನನ್ನ ಕಡೆ, ಅಜ್ಜ ಅತ್ತೆಯ ಕಡೆ. ಮಗಳು, "ಬೋತ್ ಆರ್ ಟೂ ಸ್ವೀಟ್" ಎಂದು ಜಾರಿಕೊಂಡಳು. ನನ್ನ ಗೀಟೂ ಸೇರಿ ಕೊನೆಗೆ ಮತ್ತೆ ಸರಿಸಮ. ಉಳಿದದ್ದು ನಮ್ಮವರು, ನಮ್ಮತ್ತೆ.

ನಮ್ಮವರು ಬಳಪ ಹಿಡಿದು ನನ್ನ ಮುಖ ನೋಡಿದರು, ಅಮ್ಮನ ಮುಖ ನೋಡಿದರು. ಆಮೇಲೆ ಎರಡೂ ಹೆಸರಿನ ನಟ್ಟನಡುವಿನ ಗೆರೆಯ ಮೇಲೆಯೇ ಒಂದು ಗೀಟೆಳೆದರು. "ಈ ಮನುಷ್ಯನ ಗೀಟು ಲೆಕ್ಕಕ್ಕಿಲ್ಲ" ಎಂದು ಅಜ್ಜ ಅಜ್ಜಿ ಒಟ್ಟಿಗೇ ಕೂಗಿದರು. ಅತ್ತೆ ಎದ್ದು, ಬಳಪ ಕಿತ್ತುಕೊಂಡು, ಉಡುಪಿಗೆ ಉದ್ದವಾಗಿ ಎಳೆದು ಕೂತರು.

ನಾನು ಅಜ್ಜಿಯ ಏಪ್ರನ್ ಕಟ್ಟಿಕೊಂಡು ಸಿಂಕಿನ ಮುಂದೆ ನಿಂತೆ. ತುಪ್ಪದ ಜಿಡ್ಡು ಸುಲಭಕ್ಕೆ ಹೋಗುವಂಥದ್ದಲ್ಲ. ಸ್ವಲ್ಪ ಹೊತ್ತಿಗೆ ಅತ್ತೆ ಬಂದು ಪಕ್ಕದಲ್ಲಿ ನಿಂತು ಒರೆಸುವ ಬಟ್ಟೆ ತೆಗೆದುಕೊಂಡರು. ಒರೆಸುವ ಮೊದಲು ನನ್ನ ಸಕ್ಕರೆ ತಟ್ಟೆಯಲ್ಲಿ ಉಳಿದಿದ್ದ ಒಂದು ತುಂಡು ಸ್ಕೋನನ್ನು ಬಾಯಿಗೆ ಹಾಕಿಕೊಂಡು, ಕಣ್ಣು ಮುಚ್ಚಿ ನಿಧಾನವಾಗಿ ತಿಂದರು. ಹಿಂದೆ ಮುಂದೆ ನೋಡಿ, ದನಿ ತಗ್ಗಿಸಿ ಹೇಳಿದರು:

"ನಿಜ ಹೇಳ್ಬೇಕಂದ್ರೆ ನಿನ್ನ ಸಕ್ಕರೆಯದ್ದೇ ರುಚಿ ಉಂಟು. ಆದ್ರೆ ಗೀಟು ಎಳೀಲಿಕ್ಕೆ ಆಗ್ತದಾ? ಊರಿನ ಮರ್ಯಾದೆ ಅಲ್ವಾ ಮಾರಾಯ್ತಿ!"