ಎಂಜಿನ್ನು ಅಂಗಳಕ್ಕೆ ಬರಲಿ

ಕರೆಂಟ್ ಹುಟ್ಟಿಸುವ ಎಂಜಿನ್ನನ್ನು ಸಾಗರದ ಪೇಟೆಯಲ್ಲಿ ಮಾರುತ್ತಿದ್ದ ಅಂಗಡಿಯವನು ಅದರ ಹೊಗೆ ಮನುಷ್ಯರನ್ನು ಕೊಲ್ಲುತ್ತದೆ ಎಂದು ನಮಗೆ ಹೇಳಲಿಲ್ಲ. ಗೊತ್ತಿದ್ದೂ ಹೇಳಲಿಲ್ಲ. ನಮ್ಮ ತಲೆಯ ಮೇಲೆ ದಪ್ಪ ತಂತಿ ಎಳೆದು ದೂರದ ಊರಿಗೆ ಕರೆಂಟ್ ಒಯ್ದವರು ನಮಗೆ ಒಂದು ಬಲ್ಬಿನಷ್ಟೂ ಬಿಡಲಿಲ್ಲ. ಅದಕ್ಕೇ ಅರವತ್ತರ ದಶಕದಲ್ಲಿ ಕೈಲಾದವರು ಸೀಮೆಎಣ್ಣೆಯಲ್ಲಿ ಓಡುವ ಎಂಜಿನ್ ತಂದರು. ತಂದ ಮನೆಗಳಲ್ಲೆಲ್ಲ ಏನಾದರೊಂದು ನಡೆಯುತ್ತಲೇ ಇರುತ್ತಿತ್ತು. ಈಗ ನೆನೆದರೆ ನಗು ಬರುತ್ತದೆ. ಬದುಕಿ ಉಳಿದಿದ್ದೇವೆ, ಅದಕ್ಕೆ ಬರುವ ನಗು.

ಎಂಜಿನ್ನಿಗೆ ಸೀಟು

ಕೊಂಡವರು ನನ್ನ ಭಾವ. ಹೊಸನಗರದ ಕಡೆಯವರು. ನನ್ನ ಅಕ್ಕ ಆಗ ತುಂಬು ಬಸುರಿ. ಅವಳ ಹಿಂದಿನ ಹೆರಿಗೆ ಬುಡ್ಡಿ ದೀಪದ ಬೆಳಕಿನಲ್ಲಿ ಆಗಿತ್ತು. ಮಗುವಿನ ಕೊರಳಿಗೆ ಹೊಕ್ಕುಳಬಳ್ಳಿ ಸುತ್ತಿದ್ದು ಸೂಲಗಿತ್ತಿಗೆ ಹೊತ್ತಿಗೆ ಸರಿಯಾಗಿ ಕಾಣಲಿಲ್ಲ. ಮಗು ಉಳಿಯಲಿಲ್ಲ. ಈ ಸಲ ಬಲ್ಬಿನ ಕೆಳಗೇ ಹೆರಿಗೆ ಎಂದು ಭಾವ ಹಟ ಹಿಡಿದಿದ್ದರು.

ಆನಂದಪುರದಲ್ಲಿ ಅಕ್ಕಿ ಗಿರಣಿಯ ಎಂಜಿನ್ ಮನೆಯಲ್ಲಿ ಮೈ ಮಸಿ ಮಾಡಿಕೊಂಡು ಕಲಿತವನು ನಾನು. ಜೊತೆಗೆ ಆ ಅಂಗಡಿಗೆ ಹೋದೆ.

"ಇದರಲ್ಲಿ ಎಂತೆಲ್ಲ ಓಡ್ತದೆ?" ಎಂದು ಭಾವ ಕೇಳಿದರು.

"ಎಲ್ಲಾನೂ ಗೌಡ್ರೇ. ಬಲ್ಬು, ರೇಡಿಯೋ, ಫ್ಯಾನು, ಇಸ್ತ್ರಿ ಪೆಟ್ಟಿಗೆ."

"ಎಲ್ಲಾ ಒಟ್ಟಿಗೇನಾ? ಹೊಗೆ ಎಲ್ಲಿಗೆ ಬಿಡೋದು?" ಎಂದು ನಾನು ಬಾಯಿ ಹಾಕಿದೆ.

"ಹೊಗೆ ಮೇಲೆ ಹೋಗ್ತದಪ್ಪ. ನಿಮ್ಮೂರಲ್ಲಿ ಕೆಳಗೆ ಹೋಗ್ತದಾ?" ಎಂದ ಅಂಗಡಿಯವನು. ಅಂಗಡಿಯಲ್ಲಿದ್ದವರೆಲ್ಲ ನಕ್ಕರು. ಅವನು ಎಂಜಿನ್ನಿಗೆ ಸೇವಂತಿಗೆ ಹಾರ ಹಾಕಿ ಕಳಿಸಿಕೊಟ್ಟ. ಬುದ್ಧಿಮಾತಿಗೆ ಬರ ಇತ್ತು, ಹಾರಕ್ಕೆ ಇರಲಿಲ್ಲ.

ಬಸ್ಸಿನಲ್ಲಿ ಹಾರ ಹಾಕಿದ ಎಂಜಿನ್ ನೋಡಿ ಜನ ಎದ್ದು ನಿಂತು ಒಂದು ಸೀಟನ್ನೇ ಬಿಟ್ಟುಕೊಟ್ಟರು. ಹಿಂದಿನ ವಾರ ಅದೇ ಬಸ್ಸಿನಲ್ಲಿ ನನ್ನ ಅಕ್ಕ ಊರಿನ ತನಕ ನಿಂತೇ ಬಂದಿದ್ದಳು.

ಕಂಬಳಿ

ಭಾವ ಎಂಜಿನ್ ತಂದು ಇಟ್ಟದ್ದು ಎಲ್ಲಿ? ಹೆರಿಗೆ ಕೋಣೆಗೆ ತಾಗಿದ ಉಗ್ರಾಣದಲ್ಲಿ! ಬಾಣಂತಿಗೆ ಗಾಳಿ ತಾಗಬಾರದೆಂದು ಕಿಟಕಿಗಳಿಗೆಲ್ಲ ಆಗಲೇ ಗೋಣಿ ಬಡಿದಿದ್ದರು. ಗಾಳಿ ಒಳಗೆ ಬರುವಂತಿಲ್ಲ, ಹೊಗೆ ಹೊರಗೆ ಹೋಗುವಂತಿಲ್ಲ.

"ಭಾವ, ಇದನ್ನು ಮೊದಲು ಅಂಗಳಕ್ಕೆ ಹಾಕಿ. ಇದರ ಹೊಗೆಯಲ್ಲಿ ಕಣ್ಣಿಗೆ ಕಾಣದ ವಿಷ ಇದೆ. ಮಲಗಿದವರು ಏಳೋದಿಲ್ಲ" ಎಂದು ಕೂಗಾಡಿದೆ.

"ಹೊರಗಿಟ್ರೆ ಯಾರಾದ್ರೂ ಹೊತ್ಕೊಂಡು ಹೋಗ್ತಾರೆ ಮಾರಾಯ."

"ಇದನ್ನು ಹೊರೋವಷ್ಟು ಗಟ್ಟಿ ಕಳ್ಳ ಸಿಕ್ಕಿದ್ರೆ ಕೂರಿಸಿ ಊಟ ಹಾಕಿ. ಗದ್ದೆ ಕೆಲಸಕ್ಕೆ ಆಗ್ತಾನೆ."

ಭಾವ ಕೇಳಲಿಲ್ಲ. ನೋಡೇ ಬಿಡೋಣ ಎಂದು ಹಗ್ಗ ಎಳೆದು ಎಂಜಿನ್ ಶುರು ಮಾಡಿದರು. ನಾನು ಉಗ್ರಾಣದ ಹಿಂಬಾಗಿಲನ್ನು ಒದ್ದು ತೆರೆದಿಟ್ಟೆ. ಪಕ್ಕದ ಕೋಣೆಯಲ್ಲಿ ಬಲ್ಬು ಬೆಳಗಿತು. ಎಲ್ಲರೂ ಅದನ್ನು ನೋಡುತ್ತ ನಿಂತೆವು. ಅಷ್ಟರಲ್ಲಿ ಸುಟ್ಟ ಉಣ್ಣೆಯ ವಾಸನೆ ಬಂತು. ಓಡಿ ಹೋಗಿ ನೋಡಿದರೆ ಭಾವನ ತಾಯಿ ಎಂಜಿನ್ನಿಗೆ ಕಂಬಳಿ ಹೊದೆಸಿ, ಅಂಚನ್ನು ಸುತ್ತಲೂ ಒತ್ತಿ ಸಿಕ್ಕಿಸುತ್ತಿದ್ದಾರೆ.

"ಎಂತ ಮಾಡ್ತಿದೀರಿ ಅಮ್ಮಾ!"

"ಅಲ್ಲ ಮಗಾ, ಹೆಂಗೆ ನಡುಗ್ತಿತ್ತು ಗೊತ್ತಾ! ಹೊಸ ಜಾಗ, ಚಳಿ ತಡೀಲಿಲ್ಲ ಅದಕ್ಕೆ."

ಕಂಬಳಿ ಕಿತ್ತು ಹೊರಗೆ ಎಸೆದು ತುಳಿದೆ. ಅಷ್ಟರಲ್ಲಾಗಲೇ ಉಸಿರು ಕಟ್ಟಿ ಎಂಜಿನ್ ತಾನಾಗಿಯೇ ನಿಂತುಹೋಗಿತ್ತು. ಆ ತಾಯಿ ಅದರ ಬಳಿ ಕೂತು ಸಮಾಧಾನದಿಂದ ಹೇಳಿದರು: "ನೋಡು, ನಡುಕ ನಿಂತೇ ಹೋಯ್ತು."

ವಾರ್ತೆ

ಭಾವ ಇನ್ನೂ ಜಗ್ಗಲಿಲ್ಲ. "ತೀರ್ಥಹಳ್ಳಿ ಹತ್ರ ನಮ್ಮ ಚಿಕ್ಕಪ್ಪ ಮನೆ ಒಳಗೇ ಓಡಿಸ್ತಾರೆ. ಅವರಿಗೆ ಎಂತ ಆಗಿದೆ?"

"ನಡೀರಿ, ನೋಡೇ ಬರೋಣ" ಎಂದೆ.

ಸಂಜೆಗೆ ಹೋಗಿ ತಲುಪಿದೆವು. ಹಿಂದಿನ ಕೋಣೆಯಲ್ಲಿ ಎಂಜಿನ್ ಗುಡುಗುಡು, ಮುಂದೆ ರೇಡಿಯೋ. ಅದರ ಎದುರು ಮನೆಯವರೆಲ್ಲ ಸಾಲಾಗಿ ಕೂತಿದ್ದಾರೆ, ಒಬ್ಬೊಬ್ಬರ ಹಣೆಗೂ ದಪ್ಪಗೆ ಶುಂಠಿ ಗಂಧ.

"ಇದೆಂತ ಚಿಕ್ಕಪ್ಪ?" ಎಂದು ಭಾವ ಕೇಳಿದರು.

"ವಾರ್ತೆ ಮಾರಾಯ. ಕೇಳಿದ್ರೆ ಸಾಕು, ತಲೆ ಸಿಡೀತದೆ, ಹೊಟ್ಟೆ ತೊಳೆಸ್ತದೆ."

"ವಾರ್ತೆ ಬಿಟ್ಟು ನೋಡಿದಿರಾ?" ಎಂದೆ ನಾನು.

"ಬಿಟ್ವಿ. ಹಾಡು ಹಾಕಿದ್ವಿ, ಹಾಡಿಗೂ ಬಂತು. ಬೇಸಾಯದ ಕಾರ್ಯಕ್ರಮ ಹಾಕಿದ್ವಿ. ಅದಕ್ಕೆ ಇನ್ನೂ ಜಾಸ್ತಿ."

ಅಡಿಗೆಮನೆಯಲ್ಲಿದ್ದ ಚಿಕ್ಕಮ್ಮನ ಹಣೆಗೂ ಶುಂಠಿ ಇತ್ತು. ಅವರು ರೇಡಿಯೋ ಹತ್ತಿರಕ್ಕೇ ಬರುವವರಲ್ಲ. ಬೆಕ್ಕು ಮಾತ್ರ ಅಂಗಳದ ಕಟ್ಟೆಯ ಮೇಲೆ ಆರಾಮಾಗಿ ಮಲಗಿತ್ತು.

"ಅದು ಎಂಜಿನ್ ಶುರುವಾದ ಕೂಡ್ಲೆ ಹೊರಗೆ ಓಡ್ತದೆ" ಎಂದರು ಚಿಕ್ಕಮ್ಮ.

"ಮನೆಯಲ್ಲಿ ಬುದ್ಧಿ ಇರೋದು ಅದೊಂದಕ್ಕೇ" ಎಂದೆ. ಎಂಜಿನ್ ನಿಲ್ಲಿಸಿ, ಬಾಗಿಲು ಕಿಟಕಿ ತೆಗೆದು ಎಲ್ಲರನ್ನೂ ಅಂಗಳಕ್ಕೆ ಅಟ್ಟಿದೆ. ಮರುದಿನ ಎಂಜಿನ್ನನ್ನು ದೂರದ ಗಾಡಿ ಕೊಟ್ಟಿಗೆಯ ಆಚೆ ಬಯಲಿನಲ್ಲಿಟ್ಟು, ಉದ್ದ ತಂತಿ ಎಳೆದು, ಅದೇ ರೇಡಿಯೋದಲ್ಲಿ ಅದೇ ವಾರ್ತೆ ಹಾಕಿಸಿದೆ. ಯಾರಿಗೂ ತಲೆನೋವಿಲ್ಲ.

ಭಾವನ ಮುಖ ಬಿಳಿಚಿಕೊಂಡಿತ್ತು. "ನಿನ್ನ ಅಕ್ಕನನ್ನ ಬಾಗಿಲು ಹಾಕಿ ಅಲ್ಲೇ ಮಲಗಿಸ್ತಿದ್ದೆನಲ್ಲೋ" ಎಂದು ನನ್ನ ಕೈ ಹಿಡಿದುಕೊಂಡರು.

ಹೊರಡುವಾಗ ಚಿಕ್ಕಪ್ಪ ಕೇಳಿದರು: "ಹಂಗಾದ್ರೆ ವಾರ್ತೇದು ಎಂತ ತಪ್ಪೂ ಇಲ್ಲ ಅಂತೀಯಾ?"

"ಅಷ್ಟು ದೂರ ನಾನು ಹೋಗೋದಿಲ್ಲ" ಎಂದೆ.

ಚೂರು ಕರೆಂಟು

ಭಾವನ ಮನೆಯ ಎಂಜಿನ್ ಅಂಗಳದ ತುದಿಗೆ ಹೋಯಿತು. ಹೊಗೆಯ ಕೊಳವೆ ಮನೆಗೆ ಬೆನ್ನು ಹಾಕಿತು. ಮೇಲೊಂದು ತಗಡಿನ ಮಾಡು, ನಾಲ್ಕು ದಿಕ್ಕೂ ಖಾಲಿ. ಹೆರಿಗೆ ಮುಗಿಯುವ ತನಕ ಬಲ್ಬು ಬಿಟ್ಟು ಬೇರೆ ಏನನ್ನೂ ಸಿಕ್ಕಿಸಬಾರದು ಎಂದು ನಾನು ಖಡಾಖಂಡಿತವಾಗಿ ಹೇಳಿದ್ದೆ.

ಒಂದು ದಿನ ದೀಪ ಹಚ್ಚುವ ಹೊತ್ತಿಗೆ ಅಕ್ಕನಿಗೆ ನೋವು ಶುರುವಾಯಿತು. ಸೂಲಗಿತ್ತಿ ಒಳಗೆ ಹೋದಳು. ನಾನು ಎಂಜಿನ್ ಶುರು ಮಾಡಿ ಪಕ್ಕದಲ್ಲೇ ನಿಂತೆ. ಸದ್ದು ಕೇರಿಗೆಲ್ಲ ಕೇಳಿತು.

ನಮ್ಮ ಕಡೆ ಒಲೆಗೆ ಕೆಂಡ, ಹೆಪ್ಪಿಗೆ ಮಜ್ಜಿಗೆ ಕೇಳಿಕೊಂಡು ಬಂದವರಿಗೆ ಇಲ್ಲ ಎನ್ನುವ ಪದ್ಧತಿ ಇಲ್ಲ. ಪಕ್ಕದ ಮನೆಯ ಮೇಷ್ಟ್ರಿಗೆ ಮಾವನ ಮನೆಯವರು ಮದುವೆಯಲ್ಲಿ ಕರೆಂಟಿನ ಇಸ್ತ್ರಿ ಪೆಟ್ಟಿಗೆ ಕೊಟ್ಟಿದ್ದರು. ಅದು ಒಮ್ಮೆಯೂ ಬಿಸಿ ಕಂಡಿರಲಿಲ್ಲ. ಮೇಷ್ಟ್ರು ಅದನ್ನೂ ಒಂದು ಅಂಗಿಯನ್ನೂ ಹಿಡಿದು ಜಗಲಿ ಹತ್ತಿದರು.

"ಗೌಡ್ರೇ, ಚೂರು ಕರೆಂಟು ಸಿಗಬಹುದಾ? ನಾಳೆ ಶಾಲೆಗೆ ಇನ್ಸ್‌ಪೆಕ್ಟರ್ ಬರ್ತಾರೆ."

ಭಾವ ಕೋಣೆಯ ಬಾಗಿಲು ನೋಡುತ್ತ ಅತ್ತಿಂದಿತ್ತ ತಿರುಗುತ್ತಿದ್ದರು. ರೂಢಿಯ ಬಾಯಿ ತಾನಾಗಿ ಹೇಳಿಬಿಟ್ಟಿತು: "ಅದಕ್ಕೆಂತ ಮೇಷ್ಟ್ರೇ, ತಗೊಳ್ಳಿ."

ಮೇಷ್ಟ್ರು ಜಗಲಿಯಲ್ಲೇ ಇಸ್ತ್ರಿ ಸಿಕ್ಕಿಸಿದರು. ಅಂಗಳದಲ್ಲಿ ಎಂಜಿನ್ ನರಳಿತು. ಕೋಣೆಯ ಬಲ್ಬು ಕುಗ್ಗಿ ಬೀಡಿಯ ತುದಿಯಷ್ಟಾಯಿತು.

"ಅಯ್ಯೋ, ಕಾಣ್ತಿಲ್ಲ! ಕೊರಳ ಹತ್ರ ಎಂತದೋ ಇದೆ, ಕಾಣ್ತಿಲ್ಲ!" ಸೂಲಗಿತ್ತಿ ಕಿರುಚಿದಳು.

ನಾನು ಓಡಿ ಜಗಲಿ ಮುಟ್ಟುವ ಮೊದಲೇ ಒಳಗಿಂದ ಅಕ್ಕನ ದನಿ ಬಂತು. ಜಗಲಿಯ ಮಾತೆಲ್ಲ ಅವಳಿಗೆ ಕೇಳಿಸಿತ್ತು.

"ಮೇಷ್ಟ್ರೇ! ನೀವು ಇಸ್ತ್ರಿ ನಿಲ್ಲಿಸ್ತೀರೋ, ನಾನು ಹೆರೋದು ನಿಲ್ಲಿಸ್ಲೋ?"

ಮೇಷ್ಟ್ರು ತಂತಿ ಕಿತ್ತರು. ಎಂಜಿನ್ ಉಸಿರೆಳೆದುಕೊಂಡಿತು. ಬಲ್ಬು ಬೆಳಗಿತು. "ಕಾಣ್ತು! ಬಳ್ಳಿ ಸುತ್ತಿದೆ, ಬಿಡಿಸ್ದೆ!" ಎಂದಳು ಸೂಲಗಿತ್ತಿ. ಆಮೇಲೆ ಎಂಜಿನ್ ಸದ್ದನ್ನೂ ಮುಳುಗಿಸುವಂತೆ ಒಂದು ಅಳು. ಹೆಣ್ಣು ಮಗು. ಭಾವ ಅಲ್ಲೇ ನೆಲದ ಮೇಲೆ ಕೂತು ಮಗುವಿನಂತೆ ಅತ್ತರು. ನಾನೂ ಅತ್ತೆ.

ಮೇಷ್ಟ್ರು ಮೂಲೆಯಲ್ಲಿ ಅಂಗಿಯನ್ನು ತಿರುಗಿಸಿ ಮುರುಗಿಸಿ ನೋಡಿದರು. ಆಮೇಲೆ ಬಹಳ ಸಂಕೋಚದಿಂದ ಕೇಳಿದರು: "ಈಗ ಬಲ್ಬು ಅಷ್ಟು ಬೇಡ ಅಲ್ವಾ? ಒಂದು ತೋಳು ಉಳಿದಿದೆ."

ಓದುತ್ತಿರುವವರೇ, ನಕ್ಕಿದ್ದಾಯಿತಲ್ಲ, ಇನ್ನು ಏಳಿ. ನಿಮ್ಮ ಮನೆಯ ಎಂಜಿನ್ ಗೋಡೆಯ ಒಳಗಿದ್ದರೆ, ಜಗಲಿಯಲ್ಲಿದ್ದರೆ, ಕಿಟಕಿಯ ಬುಡದಲ್ಲಿದ್ದರೆ ಇವತ್ತೇ ಅಂಗಳದ ತುದಿಗೆ ಎಳೆದು ಹಾಕಿ. ಅದು ಹೊರಬಲ್ಲಷ್ಟನ್ನೇ ಹೊರಿಸಿ. ಬಿಸಿ ಆರುವ ಮುಂಚೆ ಎಣ್ಣೆ ಹೊಯ್ಯಬೇಡಿ. ಮಾರುವವನು ಬಾಯಿ ಬಿಟ್ಟು ಇದನ್ನೆಲ್ಲ ಹೇಳದಿದ್ದರೆ ಅವನ ಅಂಗಡಿಯ ಮೆಟ್ಟಿಲ ಮೇಲೆ ಕೂತುಬಿಡಿ, ಹೇಳುವ ತನಕ ಏಳಬೇಡಿ.