ಗರಿ ಕಟ್ಟಿದ ಗಾಳ

ನಮ್ಮ ಕೊಳ್ಳೇಗಾಲ, ಹನೂರು, ಯಳಂದೂರು ಕಡೆ ಸುಮ್ಮನೆ ಒಂದು ಹಳ್ಳದ ದಡದಲ್ಲಿ ಕೂತರೂ ಸಾಕು, ನಗುವಂಥದ್ದು ಏನಾದರೊಂದು ನಡೆದೇ ತೀರುತ್ತದೆ. ಅದರಲ್ಲೂ ಮೀನು ಮುಟ್ಟದ ಮನೆಯವನು ಗಾಳ ಹಿಡಿದು ಕೂತರೆ ಕೇಳಬೇಕೆ!

ನಾನು ಮಾಂಬಳ್ಳಿಯವನು. ಸುಟ್ಟುಹೋದ ಪಂಪ್‌ಸೆಟ್ ಮೋಟರುಗಳಿಗೆ ತಂತಿ ಸುತ್ತುವುದು ನನ್ನ ಕಸುಬು. ಮನೆಯಲ್ಲಿ ದಿನಾ ವಿಭೂತಿ, ಮುದ್ದೆ, ಬಸ್ಸಾರು. ಭಾನುವಾರ ಮಾತ್ರ ಕದ್ದುಮುಚ್ಚಿ ಶಾಗ್ಯದ ಕಡೆಯ ಒಂದು ಸಣ್ಣ ಹಳ್ಳಕ್ಕೆ ಹೋಗುತ್ತೇನೆ. ಮೀನು ಹಿಡಿಯುತ್ತೇನೆ, ಅಲ್ಲೇ ನೀರಿಗೆ ಬಿಡುತ್ತೇನೆ. ತಿನ್ನದ ಮೇಲೆ ಹಿಡಿಯುವುದ್ಯಾಕೆ ಅಂತ ಕೇಳಬೇಡಿ. ಅದು ಅಂಗೈಯಲ್ಲಿ ಒಂದು ಸಲ ಮಿಡುಕಿ, ಜಾರಿ, ನೀರಿಗೆ ಹೋಗುವಾಗ ನನಗೆ ತುಂಬಾ ಖುಷಿಯಾಗುತ್ತದೆ, ಅಷ್ಟೇ. ಇದು ಅವ್ವನಿಗೆ ಗೊತ್ತಾದರೆ ನೊಂದುಕೊಳ್ಳುತ್ತಾಳಲ್ಲ ಅನ್ನುವುದೊಂದೇ ಭಯ.

೧. ಐಸು

ಆ ಹಳ್ಳದ ಮೇಲೆ ಲಂಟಾನ, ಬಿದಿರು, ಹೊಂಗೆ ಎಲ್ಲಾ ಕವುಚಿಕೊಂಡಿವೆ. ಕೋಲೆತ್ತಿ ಬೀಸಲು ಜಾಗವಿಲ್ಲ. ಕುಕ್ಕರುಗಾಲಲ್ಲಿ ಕೂತು, ಗಾಳವನ್ನು ಎಡಗೈಯಲ್ಲಿ ಹಿಂದಕ್ಕೆ ಎಳೆದು, ಕೋಲು ಬಾಗಿಸಿ, ಬಾಣ ಬಿಟ್ಟ ಹಾಗೆ ಪೊದೆಯ ಸಂದಿಯಲ್ಲಿ ಬಿಡಬೇಕು. ಎರೆಹುಳು ಚುಚ್ಚಲು ನನಗೆ ಕೈ ಬರುವುದಿಲ್ಲ. ಹಾಗಾಗಿ ಕೋಳಿ ಗರಿಯನ್ನು ಮೋಟರಿನ ತೆಳು ತಾಮ್ರದ ತಂತಿಯಿಂದ ಗಾಳಕ್ಕೆ ಸುತ್ತಿ, ನೊಣದ ಹಾಗೆ ಮಾಡುತ್ತೇನೆ. ಮೀನು ನಂಬುತ್ತದೆ, ಪಾಪ.

ನನ್ನನ್ನು ಅಲ್ಲಿಗೆ ಕರೆದೊಯ್ಯುವವನು ಕೊಳ್ಳೇಗಾಲದಲ್ಲಿ ಆಟೋ ಓಡಿಸುವ ಗೆಳೆಯ. ಗರಿ ಕೊಡುವವನೂ ಅವನೇ. ಹೊಟ್ಟೆ ದೊಡ್ಡದು, ಪೊದೆಯೊಳಗೆ ತೂರಲಾರ, ಹೊರಗೆ ಕೂತು ಚೀಲ ಹಿಡಿದು ಕಾಯುತ್ತಾನೆ. ಒಂದು ಭಾನುವಾರ ಗೇಣುದ್ದದ್ದು ಬಿತ್ತು. ಬಿಟ್ಟುಬಿಟ್ಟೆ.

"ಲೇ ಪಾಪಿ! ಮನೇಲಿ ನನ್ನೆಂಡ್ತಿ ಮಸಾಲೆ ಅರ್ಕಂಡು ಕುಂತವ್ಳೆ ಕಣ್ಲಾ!" ಅಂತ ಬಾಯಿ ಬಡಿದುಕೊಂಡ.

ಬರಿಗೈಲಿ ಹೋಗಲು ಮರ್ಯಾದೆ ಬಿಡದೆ ದಾರಿಯಲ್ಲಿ ಅಂಗಡಿ ಮೀನು ಕೊಂಡು, ಹಳ್ಳದ್ದು ಅಂತ ಹೆಂಡತಿಗೆ ಕೊಟ್ಟನಂತೆ. ಆಕೆ ಮೀನಿನ ಕಿವಿರು ಎತ್ತಿ ನೋಡಿ ಕೇಳಿದಳಂತೆ: "ಅಲ್ಲ ಕಣ್ರಿ, ಶಾಗ್ಯದ ಅಳ್ಳದಲ್ಲಿ ಈಗ ಐಸೂ ಬೀಳ್ತದಾ?"

೨. ಮಾಟ

ಒಂದು ಸೋಮವಾರ ಬೆಳಿಗ್ಗೆ ಅವ್ವ ಬಟ್ಟೆ ಒಗೆಯಲು ಹೋದವಳು ಕಿಟಾರನೆ ಕಿರುಚಿದಳು. ನನ್ನ ಅಂಗಿ ಜೇಬಿನಲ್ಲಿ ಹುಂಜದ ಗರಿ, ಅದಕ್ಕೆ ಸುತ್ತಿದ ತಾಮ್ರದ ತಂತಿ!

"ಯಾರೋ ನನ್ ಕೂಸ್ಗೆ ಮಾಟ ಮಾಡ್ಸವ್ರಲ್ಲಪ್ಪೋ!"

ನಾನು ನಿಜ ಹೇಳುವ ಹಾಗಿಲ್ಲ. ಹುಂಜದ ಗರಿ ಎಲ್ಲಿಂದ ಬಂತು ಅಂದರೆ ಏನು ಹೇಳಲಿ? ಅವ್ವ ಹೇಳಿದ ಹಾಗೆ ಹೊಸ್ತಿಲಲ್ಲಿ ನಿಂತೆ. ನಿಂಬೆಹಣ್ಣು, ಉಪ್ಪು, ಒಣಮೆಣಸಿನಕಾಯಿ, ಪೊರಕೆ ಕಡ್ಡಿ ಎಲ್ಲ ನೀವಾಳಿಸಿದಳು. ನಲವತ್ತು ದಾಟಿದ ಗಂಡಸು, ಕಣ್ಣಲ್ಲಿ ಮೆಣಸಿನ ಹೊಗೆಯ ನೀರು. ಅಷ್ಟರಲ್ಲಿ ನನ್ನನ್ನು ಹುಡುಕಿಕೊಂಡು ಆಟೋ ಗೆಳೆಯ ಬಂದ. ವಿಷಯ ಕೇಳಿ, ಗಂಭೀರವಾಗಿ ಮುಖ ಮಾಡಿಕೊಂಡು ಅಂದ: "ಜೋರಾಗೇ ಮಾಡವ್ರೆ ಕಣವ್ವ. ಇನ್ನೊಂದ್ಸಲ ನೀವಾಳ್ಸು."

೩. ಹರಕೆ

ಮೊನ್ನೆ ಅವ್ವ ಊರ ಹೆಂಗಸರ ಜೊತೆ ಮಾದಪ್ಪನ ಬೆಟ್ಟಕ್ಕೆ ನಡೆದು ಹೋಗುತ್ತೇನೆ ಅಂತ ಹಟ ಹಿಡಿದಳು. ಮಂಡಿ ನೋವಿನವಳು. ಬಸ್ಸಿನಲ್ಲಿ ಹೋಗು ಅಂದರೆ ಒಲ್ಲೆ.

"ಏನವ್ವ ಅಂಥಾ ಹರಕೆ?"

"ಏಳ್ಬಾರ್ದು ಕಣ್ಲಾ."

ಏನಾದರೂ ಕಾಯಿಲೆ ಮುಚ್ಚಿಡುತ್ತಿದ್ದಾಳಾ? ಕೊನೆಗೆ ನಡೆದೇ ಹೊರಟಳು. ಭಾನುವಾರ ಆ ಹೆಂಗಸರು ಶಾಗ್ಯದ ಕಡೆ ಬರುವ ಹೊತ್ತಿಗೆ ಅವ್ವನ ಮಂಡಿ ಹೇಗಿದೆ ನೋಡಿ ಬರೋಣ ಅಂತ ಗೆಳೆಯನ ಜೊತೆ ಹೊರಟೆ. ಕಾಯುವಾಗ ಸುಮ್ಮನೆ ಯಾಕೆ ಕೂರಬೇಕು ಅಂತ ಗಾಳ ಬಿಟ್ಟೆ. ಅವತ್ತು ಗೆಳೆಯನೂ ಹೇಗೋ ತೂರಿಕೊಂಡು ಬಂದು ಪಕ್ಕದಲ್ಲಿ ಕೂತಿದ್ದ.

ಮೀನು ಕಚ್ಚಿತು. ಜಗ್ಗಿದೆ. ಮೀನು ತಪ್ಪಿ, ಗಾಳ ನನ್ನ ತಲೆ ಮೇಲಿಂದ ಹಾರಿ, ಹಿಂದಿನ ಪೊದೆಯ ಸಂದಿಯಲ್ಲಿ ತೂರಿ, ಅದರಾಚೆಯ ಕಾಲುದಾರಿಗೆ ಬಿತ್ತು. ದಾರ ಬಿಗಿಯಾಯಿತು. ಆಚೆಯಿಂದ ಅವ್ವನ ದನಿ: "ಯಾರೋ ಸೆರಗ ಇಡ್ಕಂಡವ್ರಲ್ಲಮ್ಮೀ!"

ಜೊತೆಯವಳು ಕೂಗಿದಳು: "ತಿರುಗ್ಬೇಡ ಅಕ್ಕ! ಮಾದಪ್ಪ ತಡುದವ್ನೆ. ಏನೋ ಮುಚ್ಚಿಟ್ಟಿದ್ದೀಯ, ಬಾಯ್ಬುಟ್ಟು ಏಳ್ಬುಡು!"

ಅವ್ವ ಅಲ್ಲೇ ಕೈ ಮುಗಿದು ನಿಂತಳು. ಎಲೆಗಳ ಸಂದಿಯಲ್ಲಿ ನನಗೆ ಕಾಣುತ್ತಿತ್ತು.

"ತಪ್ಪಾಯ್ತು ಮಾದಪ್ಪ! ಏಳಕ್ಕೆ ನಾಚ್ಕೆ ಆಯ್ತು. ನನ್ ಮಗ ಭಾನ್ವಾರ ಆದ್ರೆ ಗಾಳ ಆಕಕ್ಕೆ ಓಯ್ತಾನೆ. ಮೊದ್ಲು ಮಾಟ ಅನ್ಕಂಡೆ, ಆಮ್ಯಾಕೆ ಇನ್ನೊಂದ್ ಜೇಬಲ್ಲಿ ಗಾಳಾನೇ ಸಿಕ್ತು. ನಾ ಕೇಳ್ನಿಲ್ಲ, ಅವ್ನು ನಾಚ್ಕತಾನೆ ಅಂತ. ಆದ್ರೆ ಯಪ್ಪಾ, ಇಷ್ಟು ದಿನ ಆಯ್ತು, ಒಂದ್ ಮೀನೂ ತಂದಿಲ್ಲ! ಬರೀ ಕೈ ಆಡುಸ್ಕಂಡು ಬತ್ತಾನೆ. ನನ್ ಕರುಳು ಕಿತ್ತು ಬತ್ತದೆ. ನಾವು ತಿನ್ನಲ್ಲ, ಸರಿ. ಆದ್ರೂ ನನ್ ಕೂಸ್ಗೆ ಒಂದ್ ಮೀನು ಬೀಳುಸ್ಬಾರ್ದಾ?"

ಗೆಳೆಯ ಟವೆಲ್ಲನ್ನು ಬಾಯಿಗೆ ತುರುಕಿಕೊಂಡು ನೆಲದ ಮೇಲೆ ಹೊರಳಾಡುತ್ತಿದ್ದ. ನನಗೆ ನಗು ಬರಲಿಲ್ಲ. ಹಿಡಿದ ಮೀನನ್ನೆಲ್ಲ ಬಿಟ್ಟು ಬರಿಗೈಲಿ ಮನೆಗೆ ಹೋದದ್ದಕ್ಕೆ ನನ್ನವ್ವ ಇಷ್ಟು ಸಂಕಟಪಟ್ಟಳಲ್ಲ! ದಾರವನ್ನು ಹಲ್ಲಲ್ಲಿ ಕಡಿದೆ. ಆಚೆ ಸೆರಗು ಸಡಿಲವಾಯಿತು.

"ಬುಟ್ಟ! ಮಾದಪ್ಪ ಬುಟ್ಟ! ಉಘೇ ಮಾದಪ್ಪ!" ಹೆಂಗಸರು ಮುಂದೆ ನಡೆದರು. ಅವ್ವನ ನಡಿಗೆ ಮೊದಲಿಗಿಂತ ಚುರುಕಾಗಿತ್ತು.

ಬೆಟ್ಟದಿಂದ ಬಂದವಳು ಲಾಡು, ವಿಭೂತಿಯ ಜೊತೆ ಒಂದು ಕಾಗದದ ಪೊಟ್ಟಣ ಕೊಟ್ಟಳು. ಬಿಚ್ಚಿದರೆ ನನ್ನದೇ ಗಾಳ, ನನ್ನದೇ ಗರಿ, ಮೇಲೆ ಸ್ವಲ್ಪ ಅರಿಶಿನ.

"ಸೆರಗಲ್ಲಿತ್ತು. ನಿನ್ ಜೇಬಲ್ಲಿದ್ದಂಗೇ ಐತೆ, ಆದ್ರೆ ಇದು ಮಾದಪ್ಪ ಕೊಟ್ಟದ್ದು. ಇದ ಕಟ್ಕಂಡು ಓಗು, ಬೀಳ್ತದೆ."

ಮುಂದಿನ ಭಾನುವಾರ ಮೊದಲ ಸಲ ಮನೆಯಿಂದ ರಾಜಾರೋಷವಾಗಿ ಕೋಲು ಹಿಡಿದು ಹೊರಟೆ. ಸಂಜೆ ಬಂದರೆ ಅವ್ವ ಜಗಲಿ ಮೇಲೆ ಕಾಯುತ್ತಿದ್ದಳು.

"ಬಿತ್ತಾ ಮಗ?"

"ಬಿತ್ತು ಕಣವ್ವ! ಮೊಣಕೈ ಉದ್ದ ಇತ್ತು!"

ಅವ್ವ ಎರಡೂ ಕೈಯೆತ್ತಿ ಬೆಟ್ಟದ ದಿಕ್ಕಿಗೆ ಮುಗಿದಳು. ಆಮೇಲೆ ನನ್ನ ಕೈ ನೋಡಿದಳು, ಚೀಲ ನೋಡಿದಳು.

"ಎಲ್ಲಿ?"

"ಬಿಟ್ಬುಟ್ಟೆ."

"ಅಯ್ಯೋ ನಿನ್ ಮನೆ ಕಾಯ್ವಾಗ! ಬಿಡಕ್ಕೆ ಅಂತ್ಲಾ ನಾನು ಈ ಮಂಡಿ ಎಳ್ಕಂಡು ಬೆಟ್ಟ ಅತ್ತಿದ್ದು?"